ತೆರೆಯ ಮೇಲಿನ ಓದು, ಅದಕ್ಕೆ ತಕ್ಕ ಬರಹ

ಗಡಿನಾಡಿನ ಕನ್ನಡ ಶಾಲೆಗೆ ಒಂದೊಂದು ಮಗುವೂ ಅಮೂಲ್ಯವೆಂಬುದು ಪೋಷಕರಿಗೆ ತಿಳಿದ ಸಂಗತಿಯೇ. ಕಳೆದ ವರ್ಷ ತಂದೆಯೊಬ್ಬರು ನಮ್ಮ ಶಾಲೆಯ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದು, ಪ್ರವೇಶದ ಅರ್ಜಿಗೆ ಕೊನೆಯ ದಿನ ಯಾವುದೆಂದು ಹುಡುಕಿ, ಕಾಣದೆ, ಮಗುವನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಿದರು. ದಿನಾಂಕವೇನೋ ಆ ಪುಟದಲ್ಲಿತ್ತು. ಆದರೆ ಶಾಲೆಯ ಚರಿತ್ರೆಯನ್ನು ಬಣ್ಣಿಸುವ ಎಂಟು ಪರಿಚ್ಛೇದಗಳ ಕೆಳಗಿತ್ತು. ಆ ಪುಟವನ್ನು ಬರೆದವನು ನಾನೇ. ಆದುದರಿಂದ ಈ ವಿಷಯವಾಗಿ ಎರಡು ಮಾತುಗಳನ್ನು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಪುಸ್ತಕವನ್ನು ನಾವು ಬಿಡುವಾಗಿ ಕುಳಿತು ಓದುತ್ತೇವೆ. ತೆರೆಯ ಮುಂದಿರುವವನಾದರೋ ಓದುವುದಕ್ಕಿಂತ ಹುಡುಕುವುದೇ ಹೆಚ್ಚು. ಜೇಕಬ್ ನೀಲ್ಸನ್ ಎಂಬ ತಜ್ಞರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೂರಕ್ಕೆ 79 ಮಂದಿ ಹೊಸ ಪುಟದ ಮೇಲೆ ಕಣ್ಣಾಡಿಸಿದರು. ಪ್ರತಿಯೊಂದು ಪದವನ್ನೂ ಓದಿದವರು 16 ಮಂದಿ ಮಾತ್ರ. 2006ರಲ್ಲಿ ಅವರು 232 ಜನರ ದೃಷ್ಟಿಚಲನೆಯನ್ನು ಯಂತ್ರದಿಂದ ಗುರುತಿಸಿದಾಗ, ಅದು ಹೆಚ್ಚಾಗಿ ಇಂಗ್ಲಿಷಿನ 'ಎಫ್' ಅಕ್ಷರದಂತೆ ಕಂಡಿತು. ಮೇಲಿನ ಸಾಲುಗಳನ್ನು ಅಡ್ಡಲಾಗಿ ನೋಡಿದ ಕಣ್ಣು, ಅನಂತರ ಎಡ ಅಂಚನ್ನು ಹಿಡಿದು ಕೆಳಗಿಳಿಯುತ್ತದೆ.

ಇದರಿಂದ ಬರೆಯುವವನು ಕಲಿಯತಕ್ಕ ಪಾಠಗಳು ಸ್ಪಷ್ಟವಾಗಿವೆ.

ಓದುಗನು ಅರಸಿ ಬಂದ ವಿಷಯವು ಮೊದಲ ಸಾಲಿನಲ್ಲಿಯೇ ಇರಬೇಕು.

ಶೀರ್ಷಿಕೆಯು ಒಳಗಿರುವುದನ್ನು ಹೇಳಬೇಕು. 'ನಮ್ಮ ಹೆಮ್ಮೆ' ಎಂಬುದಕ್ಕಿಂತ 'ಅರ್ಜಿಗೆ ಕೊನೆಯ ದಿನ' ಎಂಬುದು ಉತ್ತಮ.

ಒಂದು ಪರಿಚ್ಛೇದಕ್ಕೆ ಒಂದೇ ವಿಚಾರ ಸಾಕು. ಮಾತುಗಳೂ ಮಿತವಾಗಿರಲಿ. ನೀಲ್ಸನ್ನರ ಪರೀಕ್ಷೆಯಲ್ಲಿ ಪದಗಳನ್ನು ಅರ್ಧಕ್ಕಿಳಿಸಿದಾಗ ಪುಟದ ಉಪಯುಕ್ತತೆ ನೂರಕ್ಕೆ 58ರಷ್ಟು ಏರಿತು.

ಬೇರೆ ಪುಟಕ್ಕೆ ಕರೆದೊಯ್ಯುವ ಕೊಂಡಿಗೆ 'ಇಲ್ಲಿ ಒತ್ತಿರಿ' ಎಂದು ಬರೆಯದೆ, 'ಅರ್ಜಿಯ ನಮೂನೆ' ಎಂದೇ ಬರೆಯಬೇಕು.

ಪ್ರಕಟಣೆಯ ಛಾಯಾಚಿತ್ರವನ್ನು ಮಾತ್ರ ಹಾಕುವ ಪದ್ಧತಿ ಸಲ್ಲದು. ಅಂಧರಿಗಾಗಿ ಓದಿ ಹೇಳುವ ತಂತ್ರಾಂಶವು ಚಿತ್ರದೊಳಗಿನ ಅಕ್ಷರಗಳನ್ನು ಸರಿಯಾಗಿ ಓದಲಾರದು. ಹುಡುಕುವವರಿಗೂ ಅದು ಸುಲಭವಾಗಿ ಸಿಗದು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಕನ್ನಡವನ್ನು ಅಕ್ಷರಗಳಲ್ಲಿಯೇ ಬರೆಯೋಣ.

ಹಾಗಾದರೆ ಶಾಲೆಯ ಚರಿತ್ರೆಯನ್ನು ಕೈಬಿಡಬೇಕೇ? ಖಂಡಿತ ಬೇಡ. ಅದಕ್ಕೆ ಬೇರೊಂದು ಪುಟವಿರಲಿ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಮನೆತನದ ಮಾತೆತ್ತುವುದು ನಮ್ಮ ಹಿರಿಯರ ರೀತಿ. ವಿದ್ಯಾರ್ಥಿಗಳೇ, ನೀವು ಜಾಲತಾಣಕ್ಕೆ ಬರೆಯುವಾಗ ಈ ರೀತಿಯನ್ನು ನೆನೆಯಿರಿ. ಈ ವರ್ಷ ನಮ್ಮ ಪುಟದ ಮೊದಲ ಸಾಲಿನಲ್ಲಿಯೇ ಅರ್ಜಿಯ ಕೊನೆಯ ದಿನವನ್ನು ಬರೆದಿದ್ದೇನೆ.