ಲೋಹದಲ್ಲಿ ಅಡಗಿದ ಬಿಗಿ

ಗಾಡಿಯ ಸ್ಪ್ರಿಂಗು, ಯಂತ್ರದ ಹಲ್ಲುಚಕ್ರ, ವಿಮಾನದ ಎಂಜಿನ್ನಿನಲ್ಲಿ ತಿರುಗುವ ಬಿಲ್ಲೆ ಇವು ಸಾಮಾನ್ಯವಾಗಿ ಒಂದೇ ಏಟಿಗೆ ಮುರಿಯುವುದಿಲ್ಲ. ಮತ್ತೆ ಮತ್ತೆ ಭಾರ ಬಿದ್ದು, ಮೇಲ್ಮೈಯ ಸಣ್ಣ ಗೀರಿನಲ್ಲಿ ಬಿರುಕು ಹುಟ್ಟಿ, ಅದು ಮೆಲ್ಲನೆ ಬೆಳೆದು ಕಡೆಗೊಂದು ದಿನ ಲೋಹ ತುಂಡಾಗುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು.

ಬಿರುಕು ಬಾಯಿ ತೆರೆಯಲು ಎಳೆತ ಬೇಕು. ಆದುದರಿಂದ ಮೇಲ್ಮೈಯನ್ನು ಮೊದಲೇ ಅದುಮಿಟ್ಟರೆ ಬಿರುಕಿಗೆ ತಡೆಯಾಗುತ್ತದೆ. ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಎರಚುವ 'ಶಾಟ್ ಪೀನಿಂಗ್' ಇದರ ಪ್ರಸಿದ್ಧ ವಿಧಾನ. ಗುಂಡುಗಳ ಪೆಟ್ಟಿಗೆ ಮೇಲ್ಪದರ ಹಿಗ್ಗಲೆಳಸುತ್ತದೆ. ಹಿಗ್ಗದ ಒಳಭಾಗ ಅದನ್ನು ಬಿಗಿಹಿಡಿಯುತ್ತದೆ. ಹೀಗೆ ಲೋಹದಲ್ಲಿ ಉಳಿದುಬಿಡುವ ಬಿಗಿಯೇ 'ಶೇಷ ಪೀಡನ'. ಅದರ ಆಳ ಬಹುಮಟ್ಟಿಗೆ ಮಿಲಿಮೀಟರಿನ ಕೆಲವು ದಶಾಂಶಗಳಷ್ಟೇ.

ಈ ಬಿಗಿ ಕಣ್ಣಿಗೆ ಕಾಣದು. ಶಾಖದಲ್ಲಿ ದುಡಿಯುವ ಭಾಗಗಳಲ್ಲಿ ಅದು ಕ್ರಮೇಣ ಸಡಿಲವೂ ಆಗುತ್ತದೆ. ರಂಧ್ರ ಕೊರೆದು ಅದನ್ನು ಅಳೆಯಬಹುದು. ಆದರೆ ಹಾಗೆ ಕೊರೆದ ಬಿಲ್ಲೆಯನ್ನು ಮರಳಿ ಎಂಜಿನ್ನಿಗೆ ಜೋಡಿಸುವಂತಿಲ್ಲ. ಕೆಡಿಸದೆ ಅಳೆಯುವ ವಿಧಾನಗಳ ಮಹತ್ತ್ವ ಇರುವುದು ಇಲ್ಲಿಯೇ.

ಮೂಳೆ ಮುರಿದುದನ್ನು ವೈದ್ಯರಿಗೆ ತೋರಿಸುವ ಕ್ಷ-ಕಿರಣ ಇಲ್ಲಿಯೂ ನೆರವಾಗುತ್ತದೆ. ಸ್ಫಟಿಕದ ಪರಮಾಣು ಪದರಗಳ ಅಂತರಕ್ಕೆ ತಕ್ಕ ಕೋನದಲ್ಲಿ ಕಿರಣ ಹಿಂದಿರುಗುತ್ತದೆಂಬ ನಿಯಮವನ್ನು ಲಾರೆನ್ಸ್ ಬ್ರ್ಯಾಗ್ 1912ರಲ್ಲಿ ಕಂಡರು. ಪೀಡನದಿಂದ ಆ ಅಂತರ ಬದಲಾದರೆ ಕೋನವೂ ಬದಲಾಗುತ್ತದೆ. ಅದರಿಂದ ಬಿಗಿಯನ್ನು ಲೆಕ್ಕಹಾಕಬಹುದು. ಆದರೆ ಸಾಮಾನ್ಯವಾಗಿ ಬಳಸುವ ಕಿರಣ ಉಕ್ಕಿನೊಳಗೆ ಇಳಿಯುವುದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಇನ್ನೂ ಕೆಳಗಿನದನ್ನು ಅರಿಯಲು ಪದರವನ್ನೇ ಕರಗಿಸಿ ತೆಗೆಯಬೇಕು.

ಉಕ್ಕಿಗೆ ಇನ್ನೊಂದು ದಾರಿಯಿದೆ. ಕಾಂತಕ್ಷೇತ್ರ ಬದಲಾಗುವಾಗ ಉಕ್ಕಿನ ಕಾಂತತೆ ಸಣ್ಣ ಸಣ್ಣ ನೆಗೆತಗಳಲ್ಲಿ ಬದಲಾಗುತ್ತದೆ. 1919ರಲ್ಲಿ ಹೈನ್ರಿಚ್ ಬಾರ್ಕ್‌ಹೌಸನ್ ಪತ್ತೆಹಚ್ಚಿದ ಈ 'ಸದ್ದು' ಅದುಮಿದ ಉಕ್ಕಿನಲ್ಲಿ ತಗ್ಗುತ್ತದೆ, ಎಳೆದುದರಲ್ಲಿ ಏರುತ್ತದೆ. ಎಂಜಿನ್ನಿನ ನಿಕಲ್ ಮಿಶ್ರಲೋಹಗಳಲ್ಲಿ ಸುಳಿ ವಿದ್ಯುತ್ಪ್ರವಾಹವನ್ನು ಹರಿಸಿ ನೋಡುತ್ತಾರೆ. ಆವರ್ತನ ತಗ್ಗಿದಷ್ಟೂ ಪ್ರವಾಹ ಆಳಕ್ಕೆ ಇಳಿಯುವುದರಿಂದ ಪದರಪದರದ ಸ್ಥಿತಿ ತಿಳಿದೀತು. ಆದರೆ ಲೋಹದ ಗಡಸುತನವೂ ಈ ಸೂಚನೆಗಳನ್ನು ಬದಲಿಸಬಲ್ಲುದು. ಆದ್ದರಿಂದ ಪೀಡನ ಗೊತ್ತಿರುವ ಮಾದರಿಯೊಡನೆ ಹೋಲಿಸಿಯೇ ತೀರ್ಮಾನಿಸಬೇಕು.

ಪರಿಶೀಲಿಸಲಾಗದ ಆಸ್ತಿಯನ್ನು ನಂಬಿ ಯಾರೂ ಸಾಲ ಕೊಡರು. ಅಂತೆಯೇ, ಎಷ್ಟು ಉಳಿದಿದೆಯೆಂದು ತಿಳಿಯದ ಬಿಗಿಯನ್ನು ಎಂಜಿನಿಯರರೂ ಬಿಡಿಭಾಗದ ಆಯುಷ್ಯದ ಲೆಕ್ಕಕ್ಕೆ ಪೂರ್ಣವಾಗಿ ಹಿಡಿಯಲಾರರು. ಅಳತೆ ಖಚಿತವಾದಷ್ಟೂ ಗಟ್ಟಿಯಾದ ಬಿಲ್ಲೆಯನ್ನು ವೃಥಾ ಎಸೆಯುವುದು ತಪ್ಪುತ್ತದೆ. ಅದಕ್ಕಿಂತ ಮಿಗಿಲಾಗಿ, ಬಲಗುಂದಿದ ಬಿಲ್ಲೆ ಪ್ರಯಾಣಿಕರನ್ನು ಹೊತ್ತು ಮೇಲೇರುವುದು ತಪ್ಪುತ್ತದೆ.