ಟರ್ನ್ ಎ ಬ್ಲೈಂಡ್ ಐ: ಕಂಡೂ ಕಾಣದ ಹಾಗೆ

1801ರ ಏಪ್ರಿಲ್ 2. ಕೋಪನ್‌ಹೇಗನ್ ಬಂದರಿನ ಎದುರು ಬ್ರಿಟಿಷರಿಗೂ ಡೆನ್ಮಾರ್ಕಿನವರಿಗೂ ಘೋರ ಕಾಳಗ. ದೂರದ ಹಡಗಿನಲ್ಲಿದ್ದ ಬ್ರಿಟಿಷರ ಮುಖ್ಯ ಸೇನಾಪತಿ ಹೈಡ್ ಪಾರ್ಕರ್, ಯುದ್ಧ ನಿಲ್ಲಿಸಿ ಅಂತ ಬಾವುಟದ ಸನ್ನೆ ಕೊಟ್ಟ. ಅವನ ಕೈಕೆಳಗೆ, ಮುಂದೆ ನಿಂತು ಹೋರಾಡ್ತಿದ್ದ ಹೊರೇಷಿಯೋ ನೆಲ್ಸನ್‌ಗೆ ನಿಲ್ಲಿಸೋ ಮನಸ್ಸಿಲ್ಲ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಪೆಟ್ಟು ಬಿದ್ದು ಆತನ ಬಲಗಣ್ಣಿನ ದೃಷ್ಟಿ ಹೋಗಿತ್ತು. ದುರ್ಬೀನನ್ನ ಅದೇ ಕಣ್ಣಿಗೆ ಹಿಡಿದು, ಸನ್ನೆ ನನಗೆ ಕಾಣಿಸ್ತಾನೇ ಇಲ್ಲ ಅಂದನಂತೆ! ಕಾಳಗ ಮುಂದುವರಿಯಿತು, ಬ್ರಿಟಿಷರು ಗೆದ್ದರು.

ಟರ್ನ್ ಎ ಬ್ಲೈಂಡ್ ಐ ಅಂದಾಗೆಲ್ಲ ಜನ ಹೇಳೋ ಕಥೆ ಇದು. ಈ ಇಂಗ್ಲಿಷ್ ನುಡಿಗಟ್ಟನ್ನೇ ನಮ್ಮ ಪತ್ರಿಕೆಗಳು ಜಾಣ ಕುರುಡು ಅಂತ ಬರೆಯೋದು.

ಬಳಸೋದು ಹೇಗೆ? ಆಫೀಸರ್ಸ್ ಟರ್ನ್ಡ್ ಎ ಬ್ಲೈಂಡ್ ಐ ಟು ಇಲ್ಲೀಗಲ್ ಮೈನಿಂಗ್. ಅಂದ್ರೆ, ಅಕ್ರಮ ಗಣಿಗಾರಿಕೆ ಗೊತ್ತಿದ್ದೂ ಅಧಿಕಾರಿಗಳು ಸುಮ್ಮನಿದ್ದರು. ಇಲ್ಲಿ 'ಟು' ಬೇಕೇ ಬೇಕು. ಕಣ್ಣು ಎರಡಿದ್ರೂ 'ಐಸ್' ಅನ್ನಬಾರದು, 'ಐ' ಅಷ್ಟೇ.

ತುಂಬಾ ಜನ ಎಡವೋದು ಅರ್ಥದಲ್ಲಿ. ಕೆಲಸದ ಗಡಿಬಿಡಿಯಲ್ಲಿ ಒಂದು ಇಮೇಲ್ ನಿಮ್ಮ ಕಣ್ತಪ್ಪಿತು ಅಂದ್ಕೊಳ್ಳಿ. ಅದಕ್ಕೆ ಈ ಮಾತು ಹೊಂದಲ್ಲ, 'ಐ ಮಿಸ್ಡ್ ಇಟ್' ಅಂದ್ರೆ ಸಾಕು. ನೋಡಿಯೂ ಗೊತ್ತಿದ್ದೂ ಬೇಕಂತಲೇ ಬಿಟ್ಟರೆ ಮಾತ್ರ ಇದು ಸರಿ. ಇದು ಹೆಚ್ಚಾಗಿ ಆರೋಪದ ಮಾತು. ಹಾಗಾಗಿ ಯಾರ ಬಗ್ಗೆಯಾದ್ರೂ ಹೇಳೋ ಮುಂಚೆ, ಅವರಿಗೆ ವಿಷಯ ಗೊತ್ತಿತ್ತಾ ಅಂತ ಖಾತ್ರಿ ಮಾಡ್ಕೊಳ್ಳಿ.

ಈಗ ನಿಮ್ಮದೇ ಒಂದು ವಾಕ್ಯ ಕಾಮೆಂಟಲ್ಲಿ ಬರೀರಿ. 'ಟು' ಮರೀಬೇಡಿ.