ಮಾರಿಕಣಿವೆಗೆ ಊರವರೇ ಕಾವಲು

ಹಿರಿಯೂರು ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ವೇದಾವತಿ ನದಿಯು ಗುಡ್ಡಗಳ ಸಾಲನ್ನು ಸೀಳಿಕೊಂಡು ಬಯಲು ಸೀಮೆಗೆ ಇಳಿಯುವ ಒಂದು ಇಕ್ಕಟ್ಟಾದ ಜಾಗವಿದೆ. ಇದೇ ಮಾರಿಕಣಿವೆ. ಇಲ್ಲಿ ನೆಲೆಸಿರುವ ಕಣಿವೆ ಮಾರಮ್ಮನಿಂದ ಈ ಸ್ಥಳಕ್ಕೆ ಹೆಸರು ಬಂದಿದೆ. ಎರಡು ಗುಡ್ಡಗಳು ಎದುರು ಬದುರಾಗಿ ನಿಂತಿರುವ ಈ ಸಂದನ್ನೇ ಕಲ್ಲಿನ ಗೋಡೆಯಿಂದ ಮುಚ್ಚಿ ವಾಣಿವಿಲಾಸ ಸಾಗರವನ್ನು ಕಟ್ಟಲಾಯಿತು. 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಅಚ್ಚುಕಟ್ಟು ಸುಮಾರು 30 ಸಾವಿರ ಎಕರೆ.

ಗೋಡೆ ಕಟ್ಟಿದವರು ಇಂಜಿನಿಯರುಗಳು. ಅದರ ಹಿಂದೆ ನೀರು ನಿಲ್ಲಬೇಕಾದರೆ ಸುತ್ತಲಿನ ಗುಡ್ಡ, ಹಳ್ಳ, ಹೊಲಗಳು ಸುಸ್ಥಿತಿಯಲ್ಲಿರಬೇಕು. ಇವನ್ನು ಕಾಯುವ ಕೆಲಸ ಯಾರದು? ಈ ಪ್ರಶ್ನೆಯನ್ನು ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ರೈತಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ತುಂಬುವುದು ಅಪರೂಪ

ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಗಳಲ್ಲಿ. ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹಾಯ್ದು ಮಾರಿಕಣಿವೆಗೆ ಬರುತ್ತವೆ. ದಾರಿಯುದ್ದಕ್ಕೂ ಮಳೆ ಕಡಿಮೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿದಾಗ ಮೂರು ತಲೆಮಾರಿನವರು ಒಟ್ಟಿಗೆ ನಿಂತು ನೋಡಿದರು. 2025ರ ಜನವರಿಯಲ್ಲಿ ಪುನಃ ಕೋಡಿ ಹರಿಯಿತು. ಕೆಳಗಿನ ಊರುಗಳಿಗೆ ಅದು ಹಬ್ಬ. ಅದೇ ನೀರು ಹೊಸದುರ್ಗದ ಹಿನ್ನೀರಿನ ಕೆಲವು ಜಮೀನುಗಳಿಗೆ ನುಗ್ಗಿ ನಷ್ಟ ಮಾಡಿದ್ದನ್ನೂ ಮರೆಯಬಾರದು.

ಇದಕ್ಕೆ ಕೆಲವೇ ವರ್ಷಗಳ ಹಿಂದಿನ ಚಿತ್ರ ಬೇರೆಯಾಗಿತ್ತು. ಬರದಿಂದ ಜಲಾಶಯ ತಳ ಕಂಡಿತ್ತು. ಹಿರಿಯೂರು ಭಾಗದಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. ಕೊಳವೆ ಬಾವಿಗಳು ಬತ್ತಿದವು. ಭದ್ರೆಯ ನೀರಿಗಾಗಿ ಈ ಭಾಗದ ರೈತರು ದೀರ್ಘಕಾಲ ಧರಣಿ ಕುಳಿತರು. 2019ರಲ್ಲಿ ಭದ್ರೆಯ ನೀರು ವೇದಾವತಿಯ ಮೂಲಕ ಈ ಜಲಾಶಯ ಸೇರಿತು.

"ಭದ್ರೆ ಬಂದಳು, ಇನ್ನು ಚಿಂತೆಯಿಲ್ಲ" ಎನ್ನುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ವಾಣಿವಿಲಾಸ ಸಾಗರಕ್ಕೆ ನಿಗದಿಯಾಗಿರುವುದು 2 ಟಿ.ಎಂ.ಸಿ. ಜಲಾಶಯ ಹಿಡಿಯುವುದು 30. ಹೆಚ್ಚಿನ ಪಾಲು ನಮ್ಮ ಗುಡ್ಡ, ಹಳ್ಳ, ಕೆರೆಗಳಿಂದಲೇ ಬರಬೇಕು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳು ಕುಡಿಯುವುದೂ ಇದೇ ನೀರನ್ನು.

ಬೇಡ್ತಿ ಕಣಿವೆಯ ಪಾಠ

ಊರವರು ಒಗ್ಗೂಡಿದರೆ ಒಂದು ಕಣಿವೆ ಉಳಿದೀತೇ? ಉಳಿದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಅಲ್ಲಿನ ಅಡಿಕೆ ಬೆಳೆಗಾರರು ಬರೀ ಕೂಗಾಡಿ ಸುಮ್ಮನಾಗಲಿಲ್ಲ. ಮುಳುಗುವ ತೋಟ ಮತ್ತು ಕಾಡಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರೆಂದು ಕೇಳಿದರು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನೂ ರೈತರನ್ನೂ ಒಂದೇ ಸಭೆಯಲ್ಲಿ ಕೂರಿಸಿತು. ಮುಂದೆ ಸರ್ಕಾರ ಆ ವಿದ್ಯುತ್ ಯೋಜನೆಯನ್ನು ಕೈಬಿಟ್ಟಿತು.

1983ರ ಸೆಪ್ಟೆಂಬರ್ 8ರಂದು ಅದೇ ಶಿರಸಿ ಸೀಮೆಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಅದು ಅಪ್ಪಿಕೋ ಚಳವಳಿಯಾಯಿತು. "ಉಳಿಸು, ಬೆಳೆಸು, ಬಳಸು" ಎಂಬುದು ಅದರ ಮಾತು. ಮಲೆನಾಡಿನ ಹಸಿರು ಕಣಿವೆಗೂ ನಮ್ಮ ಕುರುಚಲು ಗುಡ್ಡಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಆ ಮೂರು ಮಾತುಗಳು ಮಾರಿಕಣಿವೆಗೂ ಹೊಂದುತ್ತವೆ.

ಉಳಿಸು

ಮೊದಲನೆಯ ಶತ್ರು ಬೆಂಕಿ. ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಹುಲ್ಲು ಒಣಗಿರುತ್ತದೆ. ಎಸೆದ ಒಂದು ಬೀಡಿಯ ತುಂಡು ಸಾಕು. ಹೊಸ ಹುಲ್ಲು ಬರಲೆಂದು ಬೆಂಕಿ ಇಡುವವರೂ ಇದ್ದಾರೆ. ಸುಟ್ಟ ಗುಡ್ಡದ ಮೇಲೆ ಬಿದ್ದ ಮೊದಲ ಮಳೆ ಬೂದಿಯ ಜೊತೆ ಮಣ್ಣನ್ನೂ ಕೊಚ್ಚಿಕೊಂಡು ಜಲಾಶಯಕ್ಕೆ ಹೂಳಾಗಿ ಸೇರಿಸುತ್ತದೆ. ಊರ ಅಂಚಿನ ಗುಡ್ಡದ ಬುಡದಲ್ಲಿ ಹುಲ್ಲು ಸವರಿದ ಪಟ್ಟಿಯೊಂದನ್ನು ಡಿಸೆಂಬರಿನಲ್ಲಿಯೇ ಅರಣ್ಯ ಇಲಾಖೆಯ ಅನುಮತಿ ಪಡೆದು ಮಾಡಿಕೊಂಡರೆ ಬೆಂಕಿ ದಾಟುವುದಿಲ್ಲ.

ಎರಡನೆಯದು ಮರಳು. ನದಿಯ ಮರಳು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಉಗ್ರಾಣ. ಅದನ್ನು ಬಗೆದರೆ ದಂಡೆಯ ಬಾವಿಗಳ ನೀರು ಕೆಳಗಿಳಿಯುತ್ತದೆ. ಒಂದು ಲೋಡಿನ ಹಣ ಒಬ್ಬನ ಜೇಬಿಗೆ, ಬತ್ತಿದ ಬಾವಿಯ ನಷ್ಟ ಹತ್ತು ಮನೆಗಳಿಗೆ.

ಮೂರನೆಯದು ಕಸ. ಜಲಾಶಯ ತುಂಬಿದ ಸುದ್ದಿ ಕೇಳಿ ಬರುವ ಜನ ಊಟದ ತಟ್ಟೆ, ಬಾಟಲಿ, ಪ್ಲಾಸ್ಟಿಕ್ ಚೀಲಗಳನ್ನು ಕಣಿವೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಇದರಲ್ಲಿ ರೈತರ ಪಾಲೂ ಇದೆ. ಔಷಧಿ ಸಿಂಪಡಿಸಿದ ಮೇಲೆ ಪಂಪನ್ನು ಹಳ್ಳದಲ್ಲಿ ತೊಳೆಯುವುದು, ಖಾಲಿ ಡಬ್ಬಿಯನ್ನು ಅಲ್ಲಿಯೇ ಎಸೆಯುವುದು ಬಹು ಅಪಾಯಕರ. ಅದೇ ನೀರನ್ನು ಕೆಳಗಿನ ಊರಿನ ದನಗಳು ಕುಡಿಯುತ್ತವೆ.

ಬೆಳೆಸು

ಒಂದು ಎಕರೆ ಹೊಲದಿಂದ ಕೇವಲ ಒಂದು ಮಿಲಿಮೀಟರ್ ಮಣ್ಣು ತೊಳೆದು ಹೋದರೂ ಅದು 4 ಘನ ಮೀಟರ್ ಆಗುತ್ತದೆ. ಅಂದರೆ ಒಂದು ಟ್ರ್ಯಾಕ್ಟರ್ ಟ್ರೈಲರಿಗೆ ಮಿಕ್ಕಿದ ಮೇಲ್ಮಣ್ಣು, ಅದೂ ಗೊಬ್ಬರದ ಸಾರವಿರುವ ಮಣ್ಣು. ಹಾಗೆಯೇ ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ಅದು ಓಡಿದರೆ ಮಣ್ಣನ್ನು ಒಯ್ಯುತ್ತದೆ, ನಡೆದರೆ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಬೇಕು. ಒಡೆದ ಬದುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಬೇಕು.

2. ಬದುವಿನ ಮೇಲೆ ಲಾವಂಚದ ಬುಡಗಳನ್ನು ಗೇಣಿಗೊಂದರಂತೆ ಒತ್ತಾಗಿ ನೆಡಬೇಕು. ಬೇರು ಆಳಕ್ಕಿಳಿದು ಬದು ಗಟ್ಟಿಯಾಗುತ್ತದೆ.

3. ಸಣ್ಣ ಕೊರಕಲುಗಳಿಗೆ ಕಾಡುಗಲ್ಲಿನ ತಡೆ ಕಟ್ಟಬೇಕು. ತಳಪಾಯ ಒಂದು ಅಡಿ ಆಳವಿರಲಿ. ತಡೆಯ ನಡುಭಾಗ ಅಂಚುಗಳಿಗಿಂತ ತಗ್ಗಾಗಿರಬೇಕು. ಇಲ್ಲವಾದರೆ ನೀರು ಪಕ್ಕವನ್ನು ಕೊರೆದು ಹೋಗುತ್ತದೆ.

4. ಹಳ್ಳದ ದಂಡೆಯವರೆಗೂ ನೇಗಿಲು ಹಾಯಿಸದೆ ಒಂದು ಪಟ್ಟಿಯನ್ನು ಬೀಳು ಬಿಡಬೇಕು. ಅಲ್ಲಿ ಲಕ್ಕಿ, ಹೊಂಗೆ, ಬಿದಿರು ಚೆನ್ನಾಗಿ ಬರುತ್ತವೆ. ಗುಡ್ಡದ ಬುಡದ ಒಣ ಜಾಗಕ್ಕೆ ಬೇವು, ಹುಣಸೆ, ಕಮರ, ಸೀತಾಫಲ ಸೂಕ್ತ.

ಇವುಗಳಿಂದ ಕಣಿವೆಗೆ ಬರುವ ನೀರು ಕಡಿಮೆಯಾಗದೇ ಎಂದು ಕೆಲವರು ಕೇಳಬಹುದು. ಒಂದೇ ದಿನ ಕೆಂಪಾಗಿ ನುಗ್ಗುವ ನೀರು ಕಡಿಮೆಯಾದೀತು. ಆದರೆ ನೆಲಕ್ಕಿಳಿದ ನೀರು ಬಾವಿಗಳನ್ನು ತುಂಬುತ್ತದೆ, ಹಳ್ಳಗಳು ಮಳೆ ನಿಂತ ಮೇಲೂ ಕೆಲವು ಕಾಲ ಜಿನುಗುತ್ತವೆ, ಜಲಾಶಯದಲ್ಲಿ ಹೂಳಿಗೆ ಹೋಗುವ ಜಾಗ ನೀರಿಗೆ ಉಳಿಯುತ್ತದೆ. ಚಿತ್ರದುರ್ಗದ ಕೋಟೆಯನ್ನು ಕಟ್ಟಿದವರು ಮಳೆಯ ನೀರನ್ನು ಬೆಟ್ಟದ ಮೇಲೆಯೇ ಹೊಂಡದಿಂದ ಹೊಂಡಕ್ಕೆ ಇಳಿಸಿ ಉಳಿಸಿಕೊಂಡರು. ಅವರ ವಿವೇಕ ನಮ್ಮ ಹೊಲಕ್ಕೂ ಅನ್ವಯಿಸುತ್ತದೆ.

ಬಳಸು

ಕಣಿವೆಯನ್ನು ಕಾಯಬೇಕೆಂದರೆ ಅದಕ್ಕೆ ಬೇಲಿ ಹಾಕಿ ದೂರ ನಿಲ್ಲಬೇಕೆಂದಲ್ಲ. ನೋಡಿ ಸಂತೋಷಪಟ್ಟವರೇ ಕಾಯುತ್ತಾರೆ. ಮಾರಮ್ಮನಿಗೆ ಹರಕೆ ತೀರಿಸಲು ಬರುವ ಸಂಸಾರಗಳು, ತುಂಬಿದ ನೀರಿಗೆ ಬಾಗಿನ ಕೊಡುವ ಹೆಣ್ಣುಮಕ್ಕಳು, ಬುತ್ತಿ ಕಟ್ಟಿಕೊಂಡು ಬರುವ ಶಾಲೆಯ ಮಕ್ಕಳು, ಎಲ್ಲರಿಗೂ ಇದು ಸ್ವಂತ ಜಾಗವೆನಿಸಬೇಕು. ಮಕ್ಕಳನ್ನು ಕರೆದೊಯ್ದಾಗ ಗುಡ್ಡದ ಗಿಡಮರಗಳ ಹೆಸರು ಹೇಳಿಕೊಡಿ. ಸಂಜೆಯ ಹೊತ್ತು ನವಿಲಿನ ಕೂಗು ಕೇಳಿಸಿ. ಜಲಾಶಯದ ಮಟ್ಟವನ್ನು ಶಾಲೆಯ ಹಲಗೆಯ ಮೇಲೆ ವಾರಕ್ಕೊಮ್ಮೆ ಬರೆಯಿಸಿ. ಆದರೆ ಕೋಡಿಯ ಪಾಚಿಗಟ್ಟಿದ ಕಲ್ಲಿನ ಮೇಲೆ ನಿಲ್ಲುವುದು, ಆಳ ತಿಳಿಯದ ನೀರಿಗೆ ಇಳಿಯುವುದು ಸಲ್ಲದು. ಬಾಗಿನವೂ ಮೊರ, ಅರಿಸಿನ, ಧಾನ್ಯಗಳದ್ದಾಗಿರಲಿ. ಪ್ಲಾಸ್ಟಿಕ್ ಗಂಗೆಗೆ ಬೇಡ.

ಕೆಲಸ ಆರಂಭಿಸುವುದು ಹೇಗೆ?

ಊರಿಗೆ ಹತ್ತು ಹದಿನೈದು ಜನರ ಒಂದು ತಂಡ ಸಾಕು. ಯುವಕ ಸಂಘ, ಮಹಿಳಾ ಸ್ವಸಹಾಯ ಗುಂಪು, ಹಾಲು ಉತ್ಪಾದಕರ ಸಂಘ, ಯಾವುದಿದ್ದರೂ ಅದರಿಂದಲೇ ಆರಂಭಿಸಬಹುದು. ಎತ್ತು ಹೂಡದ ಸೋಮವಾರಗಳಲ್ಲಿ ತಿಂಗಳಿಗೆ ಒಂದನ್ನು ಇದಕ್ಕೆ ಮೀಸಲಿಡಿ. ಮೊದಲ ದಿನ ಊರಿನ ಹಳ್ಳವನ್ನು ತಲೆಯಿಂದ ತುದಿಯವರೆಗೆ ನಡೆದು ನೋಡಿ, ಎಲ್ಲಿ ಕೊರೆದಿದೆ, ಎಲ್ಲಿ ಕಸ ಬಿದ್ದಿದೆ, ಎಲ್ಲಿ ಮರಳು ಎತ್ತಿದ್ದಾರೆ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಜೀವವೈವಿಧ್ಯ ಕಾಯ್ದೆ, 2002ರಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದನ್ನು ಕಾಗದದಿಂದ ಹೊರತಂದು ಕೆಲಸಕ್ಕೆ ಹಚ್ಚುವುದು ನಿಮ್ಮ ಹಕ್ಕು. ಮರಳು ಸಾಗಿಸುವವರ ಜೊತೆ ಜಗಳಕ್ಕೆ ನಿಲ್ಲದೆ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಬರಹದಲ್ಲಿ ದೂರು ಕೊಡಿ. ಬದು, ಸಸಿ ಮತ್ತು ಬೆಳೆಯ ವಿಷಯದಲ್ಲಿ ಹಿರಿಯೂರಿನ ಬಬ್ಬೂರು ಫಾರಂನ ವಿಜ್ಞಾನಿಗಳನ್ನು ಕಂಡು ಸಲಹೆ ಪಡೆಯಬಹುದು.

ನದಿಯ ಮೇಲಿನ ಹೊಸದುರ್ಗದವರು ಬದು ಹಾಕಿದರೆ ಕೆಳಗಿನ ಹಿರಿಯೂರಿನವರಿಗೆ ಲಾಭ. ಆದ್ದರಿಂದ ಶ್ರಮದಾನದ ದಿನ ಕೆಳಗಿನವರೂ ಗುದ್ದಲಿ ಹಿಡಿದು ಮೇಲಿನ ಊರಿಗೆ ಹೋಗುವುದು ಧರ್ಮ. ಕೋಡಿ ಬಿದ್ದ ದಿನ ಸಾವಿರಾರು ಜನ ನೋಡಲು ಬಂದರು. ಅವರಲ್ಲಿ ನೂರಕ್ಕೆ ಒಬ್ಬರು ಒಂದೊಂದು ಸಸಿ ಹಿಡಿದು ಬರುವಂತಾದರೆ, ಮುಂದಿನ ಕೋಡಿಗಾಗಿ ಮೊಮ್ಮಕ್ಕಳವರೆಗೆ ಕಾಯಬೇಕಾದ ಪರಿಸ್ಥಿತಿ ನಮ್ಮ ಸೀಮೆಗೆ ಮತ್ತೆ ಬಾರದಿರಲಿ ಎಂದು ಆಶಿಸಬಹುದು.